ಎರಡು ಬಗೆಯ ಕ್ಯಾಂಪು: ವಯೋಮಿಂಗಿನ ಕೋಡಿಯಲ್ಲಿ ಒಂದು ದಿನ

‘ಕ್ಯಾಂಪು’ ಎಂಬುದು ಇಂಗ್ಲಿಷಿನ ಶಬ್ದವಾದರೂ ನಮ್ಮಲ್ಲಿ ಅದನ್ನು ಪರಭಾಷೆಯದೆಂದು ಯಾರೂ ಭಾವಿಸುವುದಿಲ್ಲ. ನಾಟಕ ಕಂಪನಿಯ ಕ್ಯಾಂಪು, ಅಮಲ್ದಾರರ ಕ್ಯಾಂಪು, ಎನ್.ಸಿ.ಸಿ. ಹುಡುಗರ ಕ್ಯಾಂಪು, ಕಣ್ಣು ತಪಾಸಣೆಯ ಕ್ಯಾಂಪು ಇವೆಲ್ಲ ನಮಗೆ ಪರಿಚಿತ. ತುಂಗಭದ್ರಾ ಕಾಲುವೆಯ ನೀರು ಹರಿಯುವ ಸಿಂಧನೂರು, ಗಂಗಾವತಿಯ ಬಯಲಿನಲ್ಲಿ ಊರಿನ ಹೆಸರಿಗೇ ಕ್ಯಾಂಪು ಅಂಟಿಕೊಂಡಿದೆ. ಬೇರೆಡೆಯಿಂದ ಬಂದವರು ತಾತ್ಕಾಲಿಕವಾಗಿ ಬೀಡುಬಿಟ್ಟ ಜಾಗವೇ ಮುಂದೆ ಊರಾಯಿತು ಎಂಬುದಕ್ಕೆ ಆ ಹೆಸರುಗಳೇ ಸಾಕ್ಷಿ. ಈ ಒಂದು ಶಬ್ದದೊಳಗೆ ಎಷ್ಟು ಭಿನ್ನವಾದ ಅನುಭವಗಳು ಅಡಗಬಹುದೆಂಬುದು ನನಗೆ ಮನದಟ್ಟಾದದ್ದು 2023ರ ಜುಲೈ ತಿಂಗಳಲ್ಲಿ, ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ಎಂಬ ಸಣ್ಣ ಪಟ್ಟಣದಲ್ಲಿ.

ಆ ಬೇಸಿಗೆಯಲ್ಲಿ ಮಗಳು ಮತ್ತು ಅಳಿಯ ಒಂದು ಮೋಟಾರು ಮನೆಯನ್ನು ಬಾಡಿಗೆಗೆ ಹಿಡಿದು ನಮ್ಮಿಬ್ಬರನ್ನೂ ಮೊಮ್ಮಗನನ್ನೂ ಯೆಲ್ಲೊಸ್ಟೋನ್ ನೋಡಲು ಕರೆದೊಯ್ದರು. ಗಾಡಿಯೊಳಗೇ ಅಡುಗೆಯ ಒಲೆ, ಮಲಗುವ ಮಂಚ, ಸ್ನಾನದ ಕೋಣೆ. ‘ನಡೆದಾಡುವ ಮನೆ’ ಎಂದು ನನ್ನ ಪತ್ನಿ ಅದಕ್ಕೆ ಹೆಸರಿಟ್ಟಳು. ಇಂಥ ವಾಹನಗಳ ಇತಿಹಾಸ ನೂರು ವರ್ಷಗಳನ್ನು ದಾಟಿದೆ. ಪಿಯರ್ಸ್-ಆರೋ ಎಂಬ ಕಂಪನಿಯು 1910ರಲ್ಲಿಯೇ ಹಾಸಿಗೆಯಾಗಿ ಮಡಚಬಹುದಾದ ಆಸನವುಳ್ಳ ಪ್ರವಾಸಿ ಕಾರನ್ನು ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿತ್ತು. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾದದ್ದು 1872ರಲ್ಲಿ. ಅದರೊಳಗೆ ಮೋಟಾರು ಕಾರುಗಳಿಗೆ ಪ್ರವೇಶ ದೊರೆತದ್ದು 1915ರ ಆಗಸ್ಟ್ 1ರಂದು. ಅಲ್ಲಿಯವರೆಗೆ ಕುದುರೆಗಾಡಿಗಳದ್ದೇ ದರ್ಬಾರು. ಕಾರು ಬಂದ ಮೇಲೆ ಹೋಟೆಲಿಗೆ ಹಣ ತೆರಲಾರದ ಮಧ್ಯಮವರ್ಗದವರೂ ಡೇರೆ, ಪಾತ್ರೆ ಕಟ್ಟಿಕೊಂಡು ದೇಶ ನೋಡಲು ಹೊರಟರು.

ನಡೆದಾಡುವ ಮನೆಯೆಂದ ಮಾತ್ರಕ್ಕೆ ಮನೆಗೆಲಸ ತಪ್ಪುವುದಿಲ್ಲ. ನಾಲ್ಕೈದು ದಿನಗಳಿಗೊಮ್ಮೆ ಎಲ್ಲಾದರೂ ನಿಂತು ಬಟ್ಟೆ ಒಗೆಯಬೇಕು, ಕುಡಿಯುವ ನೀರು ತುಂಬಿಸಬೇಕು, ಬಳಸಿದ ನೀರನ್ನೂ ಶೌಚದ ತೊಟ್ಟಿಯನ್ನೂ ನಿಗದಿಯಾದ ಜಾಗದಲ್ಲಿ ಖಾಲಿ ಮಾಡಬೇಕು, ಅನಿಲದ ಸಿಲಿಂಡರು ತುಂಬಿಸಬೇಕು, ದಿನಸಿ ತರಬೇಕು. ಯೆಲ್ಲೊಸ್ಟೋನಿನ ಪೂರ್ವದ್ವಾರದಿಂದ ಸುಮಾರು ಐವತ್ತು ಮೈಲಿ ದೂರದ ಕೋಡಿ ಪಟ್ಟಣದಲ್ಲಿ ನಾವು ಅಂಥ ಒಂದು ದಿನ ನಿಂತೆವು. ಕೊಳವೆ ಹಿಡಿದು ತೊಟ್ಟಿ ಖಾಲಿ ಮಾಡುವ ಕೆಲಸವನ್ನು ಇಂಜಿನಿಯರಾದ ಅಳಿಯನೇ ಕೈಗವಸು ತೊಟ್ಟು ಮಾಡಿದ. ನಾನು ನಾಣ್ಯಗಳ ಪೊಟ್ಟಣ ಹಿಡಿದು ಬಟ್ಟೆಯ ಯಂತ್ರದ ಮುಂದೆ ಕುಳಿತೆ. ನನ್ನ ಪತ್ನಿ ಮತ್ತು ಮಗಳು ಅಂಗಡಿಗೆ ಹೋಗಿ ಅಕ್ಕಿ, ಮೊಸರು, ಸೌತೆಕಾಯಿ, ನಿಂಬೆಹಣ್ಣು ತಂದರು. ಕರಿಬೇವು ಸಿಗಲಿಲ್ಲವೆಂಬುದೊಂದೇ ಅಂದಿನ ಕೊರತೆ.

ಈ ತಂಗುದಾಣಗಳ ವ್ಯವಸ್ಥೆಗೂ ಒಂದು ಹಿನ್ನೆಲೆಯಿದೆ. 1962ರಲ್ಲಿ ಸಿಯಾಟಲ್ ನಗರದಲ್ಲಿ ವಿಶ್ವಮೇಳ ನಡೆಯಿತು. ಅದನ್ನು ನೋಡಲು ಹೊರಟ ಕುಟುಂಬಗಳು ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ಊರನ್ನು ಹಾದು ಹೋಗುತ್ತಿದ್ದವು. ಡೇವ್ ಡ್ರಮ್ ಎಂಬ ವ್ಯಾಪಾರಿ ಯೆಲ್ಲೊಸ್ಟೋನ್ ನದಿಯ ದಡದಲ್ಲಿದ್ದ ತನ್ನ ಜಮೀನಿನಲ್ಲಿ ಬಿಸಿನೀರಿನ ಸ್ನಾನ, ಶೌಚಾಲಯ, ಮೇಜು, ಒಲೆಗುಂಡಿ, ಒಂದು ಪುಟ್ಟ ಅಂಗಡಿ ಇವನ್ನೆಲ್ಲ ಏರ್ಪಡಿಸಿ, ಅಲ್ಪ ಬಾಡಿಗೆಗೆ ಜಾಗ ಕೊಟ್ಟ. ಕೆ.ಓ.ಎ. ಎಂಬ ಹೆಸರಿನಲ್ಲಿ ಅಮೆರಿಕದ ಉದ್ದಗಲಕ್ಕೂ ಹರಡಿರುವ ಕ್ಯಾಂಪುಗಳ ಸರಪಳಿ ಹುಟ್ಟಿದ್ದು ಹೀಗೆ. ಆ ಬಿಲ್ಲಿಂಗ್ಸ್ ಕೋಡಿಯಿಂದ ನೂರು ಮೈಲಿಯಷ್ಟು ದೂರವಷ್ಟೆ. ಬಿಸಿನೀರು, ಶುಚಿಯಾದ ಶೌಚಾಲಯ, ಕುಳಿತು ಉಣ್ಣಲು ಮೇಜು: ಮನುಷ್ಯ ಎಲ್ಲಿಗೆ ಹೋದರೂ ಕೇಳುವುದು ಇಷ್ಟನ್ನೇ. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಕೋಡಿ ಎಂದೊಡನೆ ಕನ್ನಡಿಗನ ಕಿವಿಗೆ ಕೆರೆಯ ಕೋಡಿ ಕೇಳಿಸುತ್ತದೆ. ವಿಚಿತ್ರವೆಂದರೆ ಈ ಊರಿನ ಕಥೆಯೂ ನೀರಿನದೇ. ಹೆಸರು ಮಾತ್ರ ವಿಲಿಯಂ ಕೋಡಿ ಎಂಬಾತನದು. ‘ಬಫೆಲೋ ಬಿಲ್’ ಎಂದು ಜಗತ್ತಿಗೆಲ್ಲ ಪರಿಚಿತನಾದ ಈತ ಸೈನ್ಯಕ್ಕೆ ದಾರಿ ತೋರಿಸುವ ಬೇಹುಗಾರನಾಗಿ, ರೈಲ್ವೆ ಕೆಲಸಗಾರರ ಊಟಕ್ಕೆ ಕಾಡುಕೋಣಗಳನ್ನು ಬೇಟೆಯಾಡುವವನಾಗಿ ಜೀವನ ಆರಂಭಿಸಿ, 1883ರಲ್ಲಿ ‘ವೈಲ್ಡ್ ವೆಸ್ಟ್’ ಎಂಬ ಬಯಲು ಪ್ರದರ್ಶನವನ್ನು ಕಟ್ಟಿದ. ಕುದುರೆ ಸವಾರಿ, ಗುರಿ ಹೊಡೆಯುವ ಚಮತ್ಕಾರ, ಅಂಚೆಗಾಡಿಯ ಮೇಲೆ ಮೂಲನಿವಾಸಿಗಳ ದಾಳಿಯ ಅಭಿನಯ ಮೊದಲಾದವು ಅದರಲ್ಲಿದ್ದವು. 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ವರ್ಷ ಲಂಡನ್ನಿನಲ್ಲಿ ಪ್ರದರ್ಶನ ನಡೆಯಿತು, ರಾಣಿಯೂ ನೋಡಿದಳು. 1899ರ ಒಂದೇ ಋತುವಿನಲ್ಲಿ ಈ ತಂಡ 200 ದಿನಗಳಲ್ಲಿ 11,000 ಮೈಲಿಗೂ ಹೆಚ್ಚು ದೂರ ಸಂಚರಿಸಿ, 132 ಊರುಗಳಲ್ಲಿ 341 ಆಟಗಳನ್ನಾಡಿತು. ರೈಲಿನಲ್ಲಿ ಸಾಗಿದ ಕ್ಯಾಂಪು ಅದು. ನಮ್ಮ ಗುಬ್ಬಿ ಕಂಪನಿಯ ಪರದೆ, ಪೆಟ್ಟಿಗೆಗಳ ಸಾಗಾಟವನ್ನು ಕೇಳಿ ಬಲ್ಲವರು ಅದರ ಗಾತ್ರವನ್ನು ಊಹಿಸಿಕೊಳ್ಳಬಹುದು.

ಆದರೆ ಆ ಆಟದಲ್ಲಿ ಸೋಲುವ ಪಾತ್ರ ವಹಿಸಿದವರು ಯಾರು? ನಿಜಜೀವನದಲ್ಲಿಯೂ ಸೋತಿದ್ದ ಮೂಲನಿವಾಸಿಗಳೇ. ಲಕೋಟಾ ಜನರ ಮುಖಂಡ ಸಿಟಿಂಗ್ ಬುಲ್ 1885ರಲ್ಲಿ ಒಂದು ಋತು ಈ ತಂಡದೊಡನೆ ಸಂಚರಿಸಿದ. ಐದು ವರ್ಷಗಳ ಅನಂತರ, 1890ರ ಡಿಸೆಂಬರಿನಲ್ಲಿ ಆತನನ್ನು ಬಂಧಿಸಲು ಹೋದ ಪೊಲೀಸರ ಗುಂಡಿಗೆ ಬಲಿಯಾದ. ಅದೇ ತಿಂಗಳ 29ರಂದು ವೂಂಡೆಡ್ ನೀ ಎಂಬಲ್ಲಿ ಲಕೋಟಾ ಹೆಂಗಸರು, ಮಕ್ಕಳು ಸೇರಿದಂತೆ ನೂರಾರು ಜನರ ಹತ್ಯೆ ನಡೆಯಿತು. ಆ ಸಂದರ್ಭದಲ್ಲಿ ಸೆರೆಸಿಕ್ಕ ಕಿಕಿಂಗ್ ಬೇರ್, ಶಾರ್ಟ್ ಬುಲ್ ಮುಂತಾದವರನ್ನು ಸರ್ಕಾರ 1891ರಲ್ಲಿ ಕೋಡಿಯ ವಶಕ್ಕೆ ಬಿಟ್ಟುಕೊಟ್ಟಿತು. ಅವರು ಯೂರೋಪಿನಲ್ಲಿ ಪ್ರದರ್ಶನದ ಭಾಗವಾದರು. ಸೆರೆಯಲ್ಲಿ ಕೊಳೆಯುವುದಕ್ಕಿಂತ ಅದು ಮೇಲಾಗಿತ್ತೆಂಬುದು ನಿಜ. ಕೋಡಿ ಅವರಿಗೆ ಸಂಬಳ ಕೊಟ್ಟು ಗೌರವದಿಂದ ನಡೆಸಿಕೊಂಡನೆಂಬುದೂ ನಿಜ. ಆದರೂ ಒಂದು ಜನಾಂಗದ ಸೋಲು ಇನ್ನೊಂದು ಜನಾಂಗದ ಸಂಜೆಯ ಮನರಂಜನೆಯಾಯಿತೆಂಬ ಸಂಗತಿಯನ್ನು ಇತಿಹಾಸದ ವಿದ್ಯಾರ್ಥಿ ಮರೆಯಲಾಗದು.

ಕೋಡಿ ಪಟ್ಟಣವನ್ನು ಈತ ಪಾಲುದಾರರೊಡನೆ ಸ್ಥಾಪಿಸಿದ್ದು 1896ರ ಸುಮಾರಿಗೆ. ಮುಖ್ಯ ಬೀದಿಯಲ್ಲಿ ತನ್ನ ಮಗಳು ಇರ್ಮಾಳ ಹೆಸರಿನಲ್ಲಿ 1902ರ ನವೆಂಬರಿನಲ್ಲಿ ಒಂದು ಹೋಟೆಲನ್ನು ತೆರೆದ. ಅಲ್ಲಿರುವ ಚೆರ್ರಿಮರದ ಸುಂದರ ಕೆತ್ತನೆಯ ಕಟ್ಟೆಯನ್ನು ವಿಕ್ಟೋರಿಯಾ ರಾಣಿ ಉಡುಗೊರೆಯಾಗಿ ಕಳುಹಿಸಿದಳೆಂದು ಊರವರು ಅಭಿಮಾನದಿಂದ ಹೇಳುತ್ತಾರೆ. ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ, ಹೋಟೆಲು ತೆರೆಯುವ ಸುಮಾರು ಎರಡು ವರ್ಷ ಮೊದಲು! ಹಳೆಯ ಮೇಷ್ಟರ ಬುದ್ಧಿ ತಾರೀಖುಗಳನ್ನು ಕೂಡಿಸಿ ಕಳೆಯದೆ ಬಿಡುವುದಿಲ್ಲ. ಆದರೆ ಆ ಕಟ್ಟೆಯ ಮುಂದೆ ನಿಂತು ಆ ಲೆಕ್ಕವನ್ನು ಹೇಳುವಷ್ಟು ಅರಸಿಕನೂ ನಾನಲ್ಲ.

ಈ ಒಣಭೂಮಿಗೆ ಶೊಶೋನಿ ನದಿಯ ನೀರು ಹರಿಸಬೇಕೆಂಬುದು ಕೋಡಿಯ ಕನಸಾಗಿತ್ತು. ಖಾಸಗಿ ಹಣದಿಂದ ಅದು ಕೈಗೂಡದೆ ಕೇಂದ್ರ ಸರ್ಕಾರವೇ ಯೋಜನೆಯನ್ನು ವಹಿಸಿಕೊಂಡಿತು. 1910ರಲ್ಲಿ ಮುಗಿದ 325 ಅಡಿ ಎತ್ತರದ ಅಣೆಕಟ್ಟು ಅಂದಿಗೆ ಜಗತ್ತಿನಲ್ಲೇ ಅತ್ಯಂತ ಎತ್ತರದ್ದು. ಕೋಡಿಯ ಪ್ರದರ್ಶನ 1913ರಲ್ಲಿ ಸಾಲದಿಂದ ಹರಾಜಾಯಿತು. 1917ರ ಜನವರಿ 10ರಂದು ಆತ ಡೆನ್ವರ್ ನಗರದಲ್ಲಿ ತೀರಿಕೊಂಡ. ಆದರೆ ಕಾಲುವೆಯ ಕೆಲಸ ನಿಲ್ಲಲಿಲ್ಲ. ಕಾಲುವೆಗೆಂದು ಸರ್ಕಾರದ ಕೈಯಲ್ಲಿದ್ದ ಬಯಲಿನಲ್ಲಿಯೇ ಇನ್ನೊಂದು ಬಗೆಯ ಕ್ಯಾಂಪು ಎದ್ದಿತು. ಬಟ್ಟೆಗಳು ಒಣಗಿ, ಮೊಸರನ್ನ ಉಂಡು, ಮಧ್ಯಾಹ್ನ ನಾವು ಹೋದದ್ದು ಅಲ್ಲಿಗೆ.

ಕೋಡಿಯಿಂದ ಪೊವೆಲ್ ಊರಿಗೆ ಹೋಗುವ ದಾರಿಯಲ್ಲಿ ಹದಿನೈದು ನಿಮಿಷ ಸಾಗಿದರೆ ಹಾರ್ಟ್ ಮೌಂಟನ್ ಎಂಬ ಬೋಳುಬೆಟ್ಟ ಎದುರಾಗುತ್ತದೆ. ಭೂವಿಜ್ಞಾನಿಗಳಿಗೆ ಅದೊಂದು ಒಗಟು: ಶಿಖರದ ಸುಣ್ಣಕಲ್ಲು ಬುಡದ ಕಲ್ಲಿಗಿಂತ ಕೋಟಿಗಟ್ಟಲೆ ವರ್ಷ ಹಳೆಯದು. ಬೇರೆಡೆ ಇದ್ದ ಬಂಡೆ ಜಾರಿ ಬಂದು ಇಲ್ಲಿ ನಿಂತಿದೆಯಂತೆ. ಅದರ ತಪ್ಪಲಲ್ಲಿ 1942ರಿಂದ 1945ರವರೆಗೆ ಹತ್ತು ಸಾವಿರಕ್ಕೂ ಮಿಕ್ಕಿದ ಜನ ಹೀಗೆಯೇ ಬೇರೆಡೆಯಿಂದ ಬಂದು ನಿಂತಿದ್ದರು. ಅವರು ತಾವಾಗಿ ಬಂದವರಲ್ಲ.

1941ರ ಡಿಸೆಂಬರ್ 7ರಂದು ಜಪಾನು ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿದ್ದು ನನ್ನ ವಿದ್ಯಾರ್ಥಿಗಳಿಗೆಲ್ಲ ನೆನಪಿರಬೇಕು. ಮೂರು ಅಂಕದ ಪ್ರಶ್ನೆಯಾಗಿ ಎಷ್ಟೋ ಸಲ ಬಂದಿದೆ. ಆದರೆ ಅದರ ಮುಂದಿನ ಅಧ್ಯಾಯ ನಮ್ಮ ಪಠ್ಯದಲ್ಲಿರಲಿಲ್ಲ. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್ವೆಲ್ಟರು 9066ನೆಯ ಆಜ್ಞೆಗೆ ಸಹಿ ಹಾಕಿದರು. ಅದರ ಬಲದಿಂದ ಪಶ್ಚಿಮ ಕರಾವಳಿಯಲ್ಲಿ ನೆಲೆಸಿದ್ದ ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆ, ತೋಟ, ಅಂಗಡಿ ಬಿಡಿಸಿ ಒಳನಾಡಿನ ಹತ್ತು ಕ್ಯಾಂಪುಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಪೌರರು. ಯಾರ ಮೇಲೂ ಆರೋಪಪಟ್ಟಿಯಿಲ್ಲ, ವಿಚಾರಣೆಯಿಲ್ಲ. ಕೈಯಲ್ಲಿ ಹೊರಬಹುದಾದಷ್ಟು ಸಾಮಾನು ಮಾತ್ರ ತರಬಹುದಾಗಿತ್ತು.

ಹಾರ್ಟ್ ಮೌಂಟನ್ ಕ್ಯಾಂಪಿಗೆ ಮೊದಲ ರೈಲು ಬಂದದ್ದು 1942ರ ಆಗಸ್ಟಿನಲ್ಲಿ. ಕಪ್ಪು ಡಾಂಬರು ಕಾಗದ ಹೊದಿಸಿದ ಹಲಗೆಯ ಉದ್ದನೆಯ ಬ್ಯಾರಕ್ಕುಗಳು. ಒಂದು ಕುಟುಂಬಕ್ಕೆ ಒಂದು ಕೋಣೆ, ಒಂದು ಕಲ್ಲಿದ್ದಲ ಒಲೆ, ಒಂದು ವಿದ್ಯುದ್ದೀಪ, ಸೈನ್ಯದ ಮಂಚಗಳು. ಸ್ನಾನ, ಶೌಚ, ಊಟ ಎಲ್ಲವೂ ಸಾಮೂಹಿಕ. ಸುತ್ತಲೂ ಮುಳ್ಳುತಂತಿ, ಕಾವಲುಗೋಪುರ. ಕ್ಯಾಲಿಫೋರ್ನಿಯಾದ ಹಿತವಾದ ಹವೆಯಿಂದ ಬಂದವರಿಗೆ ಇಲ್ಲಿಯ ಚಳಿಗೆ ತಕ್ಕ ಉಡುಪೇ ಇರಲಿಲ್ಲ. ಅಂಚೆಯ ಮೂಲಕ ಸಿಯರ್ಸ್ ಮುಂತಾದ ಕಂಪನಿಗಳ ಕ್ಯಾಟಲಾಗು ನೋಡಿ ಕೋಟುಗಳನ್ನು ತರಿಸಿಕೊಂಡರು. ಕ್ಯಾಂಪಿನ ಆಸ್ಪತ್ರೆ, ಅಡುಗೆಮನೆ, ಶಾಲೆಗಳಲ್ಲಿ ದುಡಿದವರಿಗೆ ಸಿಗುತ್ತಿದ್ದ ಸಂಬಳ ತಿಂಗಳಿಗೆ 12, 16 ಅಥವಾ 19 ಡಾಲರು. ವೈದ್ಯರಿಗೂ 19 ಡಾಲರನ್ನು ಮೀರುವಂತಿರಲಿಲ್ಲ. ಬೆಳಿಗ್ಗೆ ನಾವು ಮಾಡಿದ ಚಿಲ್ಲರೆ ಕೆಲಸಗಳಿಗಾಗಿ ಕೋಡಿಗೋ ಪೊವೆಲ್ಲಿಗೋ ಹೋಗಬೇಕಾದರೆ ಅವರಿಗೆ ಅಪ್ಪಣೆಚೀಟಿ ಬೇಕಿತ್ತು. ಹೋದರೂ ಕೆಲವು ಅಂಗಡಿಗಳ ಕಿಟಕಿಯಲ್ಲಿ ಜಪಾನೀಯರಿಗೆ ಪ್ರವೇಶವಿಲ್ಲವೆಂಬ ಫಲಕ. ಆದರೆ ಬೀಟ್‌ರೂಟಿನ ಜಾತಿಯ ಸಕ್ಕರೆಗಡ್ಡೆ ಕೀಳುವ ಕಾಲಕ್ಕೆ ಕೂಲಿಯಾಳುಗಳು ಸಿಗದೆ, ಅದೇ ಸುತ್ತಲಿನ ರೈತರು ಕ್ಯಾಂಪಿನ ಜನರನ್ನೇ ಕರೆದರು. ಅವರು ಹೋಗಿ ಬೆಳೆ ಉಳಿಸಿದರು. ಕೋಡಿ ಕನಸಿದ್ದ ಕಾಲುವೆಯ ಒಂದು ಭಾಗವನ್ನು ದುರಸ್ತಿ ಮಾಡಿ, ಪೊದೆ ಕಿತ್ತು, ನೂರಾರು ಎಕರೆ ನೆಲದಲ್ಲಿ ತರಕಾರಿ ಬೆಳೆದವರೂ ಇವರೇ.

1942ರ ಡಿಸೆಂಬರಿನಲ್ಲಿ ಮೂವತ್ತೆರಡು ಮಕ್ಕಳನ್ನು ಕಾವಲಿನವರು ಹಿಡಿದರು. ಅವರ ಅಪರಾಧ, ಹಿಮದ ಮೇಲೆ ಜಾರುತ್ತ ಬೇಲಿಯ ಗಡಿ ದಾಟಿದ್ದು. ಬೇಲಿಯನ್ನು ವಿರೋಧಿಸಿ ಕ್ಯಾಂಪಿನ ವಯಸ್ಕರಲ್ಲಿ ಅರ್ಧದಷ್ಟು ಜನ ಮನವಿಗೆ ಸಹಿ ಮಾಡಿದ್ದರು. ಬೇಲಿ ಹಾಗೆಯೇ ಉಳಿಯಿತು.

ನಾನು ಹೆಚ್ಚು ಹೊತ್ತು ನಿಂತದ್ದು ಶಾಲೆಯ ಚಿತ್ರಗಳ ಮುಂದೆ. ಮೊದಲ ವರ್ಷ ಬ್ಯಾರಕ್ಕುಗಳಲ್ಲೇ ತರಗತಿ. 1943ರಲ್ಲಿ ಹೈಸ್ಕೂಲಿಗೆ ಕಟ್ಟಡವಾಯಿತು. ಫುಟ್‌ಬಾಲ್ ತಂಡ, ವಾರ್ಷಿಕ ಸಂಚಿಕೆ, ವಾದ್ಯವೃಂದ, ನಾಟಕ ಎಲ್ಲವೂ ಇದ್ದವು. ಕ್ಯಾಂಪಿನಲ್ಲಿ ಎರಡು ಚಿತ್ರಮಂದಿರ, ‘ಹಾರ್ಟ್ ಮೌಂಟನ್ ಸೆಂಟಿನೆಲ್’ ಎಂಬ ವಾರಪತ್ರಿಕೆ, ಸ್ಕೌಟು ದಳಗಳೂ ಇದ್ದವು. ಬೆಳಿಗ್ಗೆ ಮಕ್ಕಳು ಎದ್ದು ನಿಂತು, ಎಲ್ಲರಿಗೂ ಸ್ವಾತಂತ್ರ್ಯ ಮತ್ತು ನ್ಯಾಯ ನೀಡುವ ದೇಶಕ್ಕೆ ನಿಷ್ಠರಾಗಿರುತ್ತೇವೆಂದು ಪ್ರತಿಜ್ಞೆ ಹೇಳಬೇಕಿತ್ತು. ಕಿಟಕಿಯಾಚೆ ಮುಳ್ಳುತಂತಿ. ಆ ತರಗತಿಯಲ್ಲಿ ಪೌರನೀತಿಯ ಪಾಠ ಮಾಡಿದ ಶಿಕ್ಷಕರು ಹಲಗೆಯ ಮೇಲೆ ಏನು ಬರೆದಿದ್ದಾರು? ಮೂವತ್ತಕ್ಕೂ ಹೆಚ್ಚು ವರ್ಷ ಮೂಲಭೂತ ಹಕ್ಕುಗಳ ಪಾಠ ಮಾಡಿದ ನನಗೆ ಈ ಪ್ರಶ್ನೆಯನ್ನು ದಾಟಿ ಮುಂದಕ್ಕೆ ಹೋಗಲಾಗಲಿಲ್ಲ.

1944ರಲ್ಲಿ ಸರ್ಕಾರ ಇದೇ ಕ್ಯಾಂಪಿನ ತರುಣರನ್ನು ಸೈನ್ಯಕ್ಕೆ ಕರೆಯಿತು. ನೂರಾರು ಜನ ಹೋಗಿ ಯೂರೋಪಿನ ರಣರಂಗದಲ್ಲಿ ಕಾದಾಡಿದರು, ಹಲವರು ಮಡಿದರು. ಇನ್ನು ಕೆಲವರು, ನಮ್ಮ ಪೌರಹಕ್ಕನ್ನು ಮೊದಲು ಹಿಂದಿರುಗಿಸಿ, ತಂದೆತಾಯಿಯರನ್ನು ಬಿಡುಗಡೆ ಮಾಡಿ, ಆಮೇಲೆ ಬರುತ್ತೇವೆ ಎಂದರು. ಹಾಗೆಂದ 63 ಜನರಿಗೆ ಷೆಯೆನ್ ನಗರದ ನ್ಯಾಯಾಲಯ ಮೂರು ವರ್ಷಗಳ ಸೆರೆವಾಸ ವಿಧಿಸಿತು. 1947ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರೂಮನ್ನರು ಕ್ಷಮಾದಾನ ನೀಡಿದರು. ಹೋದವರದೂ ದೇಶನಿಷ್ಠೆಯೇ, ಹೋಗಲೊಲ್ಲದವರದೂ ದೇಶನಿಷ್ಠೆಯೇ ಎಂದು ನನ್ನ ಎಣಿಕೆ. ಇಬ್ಬರೂ ಸಂವಿಧಾನವನ್ನು ನಂಬಿದ್ದರು.

ವಸ್ತುಸಂಗ್ರಹಾಲಯದಲ್ಲಿ ಮೊಮ್ಮಗ ತನ್ನ ತಾಯಿಯನ್ನು ಕೇಳಿದ: “ಅವರು ಇಲ್ಲೇ ಹುಟ್ಟಿದವರಾ? ನನ್ನ ಹಾಗೆ?” ಮಗಳು ಹೌದೆಂದು ತಲೆಯಾಡಿಸಿದಳು. ಅನಂತರ ಸ್ವಲ್ಪ ಹೊತ್ತು ನಮ್ಮಲ್ಲಿ ಯಾರೂ ಮಾತನಾಡಲಿಲ್ಲ. ಆ ದೇಶದಲ್ಲಿ ನೆಲೆಸಿರುವ ನನ್ನ ಬಂಧುಗಳಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಕ್ಯಾಂಪಿಗೆ ಬಂದ ಹಿರಿಯ ತಲೆಮಾರಿನ ಜಪಾನೀಯರು ಮೂವತ್ತು, ನಲವತ್ತು ವರ್ಷ ಅಲ್ಲಿ ಬಾಳಿದ್ದರೂ ಪೌರರಾಗಿರಲಿಲ್ಲ. ಆಗಲು ಕಾನೂನು ಬಿಡುತ್ತಿರಲಿಲ್ಲ. 1922ರಲ್ಲಿ ಓಜಾವಾ ಎಂಬ ಜಪಾನೀಯನ ಅರ್ಜಿಯನ್ನು ಅಲ್ಲಿಯ ಸುಪ್ರೀಂ ಕೋರ್ಟು ತಿರಸ್ಕರಿಸಿತು. ಮರುವರ್ಷ, 1923ರಲ್ಲಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವನ ವಿರುದ್ಧವೂ ಅದೇ ಬಗೆಯ ತೀರ್ಪು ಬಂದಿತು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ, ಜಪಾನೀಯರಿಗೆ 1952ರಲ್ಲಿ. ಇಂದು ನಮ್ಮ ಮಕ್ಕಳು ಅಲ್ಲಿ ಮನೆ ಕೊಂಡು, ಮತ ಹಾಕಿ, ರಜೆಯಲ್ಲಿ ಮೋಟಾರು ಮನೆ ಹಿಡಿದು ತಿರುಗುವ ನೆಮ್ಮದಿಯ ಹಿಂದೆ, ಇಂಥ ಬಾಗಿಲುಗಳನ್ನು ತಟ್ಟಿದವರ ಶ್ರಮವಿದೆ.

ಈ ಕ್ಯಾಂಪಿನ ಕಥೆಯಲ್ಲಿ ಒಂದು ಡೇರೆಯೂ ಇದೆ. ಕೋಡಿಯ ಸ್ಕೌಟು ಬಾಲಕರು ಒಮ್ಮೆ ಮುಳ್ಳುತಂತಿ ದಾಟಿ ಒಳಗಿನ ಸ್ಕೌಟುಗಳೊಡನೆ ಮೇಳದಲ್ಲಿ ಪಾಲ್ಗೊಂಡರು. ಕೋಡಿಯ ಅಲನ್ ಸಿಂಪ್ಸನ್ ಮತ್ತು ಸ್ಯಾನ್ ಹೋಸೆಯಿಂದ ಬಂದಿದ್ದ ನಾರ್ಮನ್ ಮಿನೆಟಾ, ಇಬ್ಬರೂ 1931ರಲ್ಲಿ ಹುಟ್ಟಿದವರು, ಒಂದೇ ಪುಟ್ಟ ಡೇರೆಗೆ ಜೊತೆಯಾದರು. ಮಳೆಯ ನೀರು ನುಗ್ಗದಿರಲೆಂದು ಸುತ್ತ ಕಾಲುವೆ ತೋಡಿದರು; ಅದರ ನೀರು ಕೆಳಗಿನ ಡೇರೆಯ ತಂಟೆಕೋರ ಹುಡುಗನತ್ತ ಹರಿಯುವಂತೆ ತಿರುಗಿಸಿದ್ದನ್ನು ಇಬ್ಬರೂ ಮುದಿತನದವರೆಗೆ ನಗುತ್ತ ಹೇಳುತ್ತಿದ್ದರು. ಮಿನೆಟಾ ಮುಂದೆ ಸ್ಯಾನ್ ಹೋಸೆಯ ಮೇಯರಾಗಿ, ಸಂಸತ್ ಸದಸ್ಯರಾಗಿ, ಕೇಂದ್ರ ಸಾರಿಗೆ ಸಚಿವರಾದರು. ಸಿಂಪ್ಸನ್ ಸೆನೆಟರಾದರು. ಪಕ್ಷ ಬೇರೆ ಬೇರೆಯಾದರೂ ಇಬ್ಬರೂ ಬೆಂಬಲಿಸಿದ ಮಸೂದೆಗೆ 1988ರ ಆಗಸ್ಟ್ 10ರಂದು ಅಧ್ಯಕ್ಷ ರೇಗನ್ನರು ಸಹಿ ಹಾಕಿದರು. ಕ್ಯಾಂಪಿನಲ್ಲಿದ್ದು ಬದುಕುಳಿದ ಪ್ರತಿಯೊಬ್ಬರಿಗೂ ದೇಶದ ಕ್ಷಮಾಯಾಚನೆ ಮತ್ತು 20,000 ಡಾಲರು ಪರಿಹಾರ. ಮಿನೆಟಾ 2022ರಲ್ಲಿ, ಸಿಂಪ್ಸನ್ 2025ರಲ್ಲಿ ತೀರಿಕೊಂಡರು. ಅವರಿಬ್ಬರ ಹೆಸರಿನ ಸಂಸ್ಥೆಯೊಂದು 2024ರಲ್ಲಿ ಅದೇ ಬಯಲಿನಲ್ಲಿ ತೆರೆದಿದೆ.

ಸಂಜೆ ಮೊಮ್ಮಗನಿಗೆ ಕೊಟ್ಟ ಮಾತಿನಂತೆ ರೋಡಿಯೋ ನೋಡಲು ಹೋದೆವು. ಬೇಸಿಗೆಯಲ್ಲಿ ಪ್ರತಿ ರಾತ್ರಿಯೂ ನಡೆಯುವ ಈ ಆಟ 1938ರಿಂದ ಕೋಡಿಯ ವೈಶಿಷ್ಟ್ಯ. ಕೆರಳಿದ ಹೋರಿಯ ಮೇಲೆ ಒಂದೇ ಕೈಯಲ್ಲಿ ಹಗ್ಗ ಹಿಡಿದು ಎಂಟು ಸೆಕೆಂಡು ಕುಳಿತಿರಬೇಕು. ಹೆಚ್ಚಿನವರು ಅದಕ್ಕೆ ಮೊದಲೇ ಧೂಳಿನಲ್ಲಿದ್ದರು. ನಡುವೆ ಪ್ರೇಕ್ಷಕರ ಮಕ್ಕಳನ್ನೆಲ್ಲ ಅಖಾಡಕ್ಕೆ ಕರೆದು, ಕರುವಿನ ಬಾಲಕ್ಕೆ ಕಟ್ಟಿದ ರಿಬ್ಬನ್ನು ಕೀಳುವ ಸ್ಪರ್ಧೆ. ನನಗೆ ಹಾವೇರಿ ಕಡೆಯ ಹೋರಿ ಬೆದರಿಸುವ ಹಬ್ಬ, ಓಡುವ ಹೋರಿಯ ಕೊರಳಿನ ಕೊಬ್ಬರಿ ಹಾರ ಕೀಳುವ ಹುಡುಗರು ನೆನಪಾದರು. ಮೊಮ್ಮಗನೂ ಓಡಿದ, ರಿಬ್ಬನ್ನು ಸಿಗಲಿಲ್ಲ, ಮೊಣಕಾಲು ತರಚಿಕೊಂಡು ನಗುತ್ತ ಬಂದ.

ಆಟದ ಮೊದಲಿಗೆ ಕುದುರೆಯ ಮೇಲೆ ಧ್ವಜ ಹಿಡಿದು ಒಬ್ಬ ತರುಣಿ ಅಖಾಡವನ್ನು ಸುತ್ತಿ ಬಂದಳು. ರಾಷ್ಟ್ರಗೀತೆಗೆ ಎಲ್ಲರೂ ಟೋಪಿ ತೆಗೆದು ಎದ್ದು ನಿಂತರು. ನಾವೂ ನಿಂತೆವು. ಮೊಮ್ಮಗ ಶಾಲೆಯಲ್ಲಿ ಕಲಿಸಿದಂತೆ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು, ಗಟ್ಟಿಯಾದ ದನಿಯಲ್ಲಿ ಹಾಡಿದ. ಅವನ ಪಕ್ಕದಲ್ಲಿ ನಿಂತಿದ್ದ ದಪ್ಪ ಟೋಪಿಯ ರೈತನೊಬ್ಬ ಅವನತ್ತ ನೋಡಿ ಮೆಚ್ಚುಗೆಯಿಂದ ತಲೆದೂಗಿದ.

ಒಂದು ದೇಶವನ್ನು ಅದರ ತಪ್ಪುಗಳಿಂದ ಮಾತ್ರ ಅಳೆಯುವುದು ನ್ಯಾಯವಲ್ಲ. ಅದರ ಹಾಡುಗಳಿಂದ ಮಾತ್ರ ಅಳೆಯುವುದೂ ಸಲ್ಲದು. ತಾನು ಕಟ್ಟಿದ ಮುಳ್ಳುಬೇಲಿಯ ಜಾಗದಲ್ಲಿ ತಾನೇ ವಸ್ತುಸಂಗ್ರಹಾಲಯ ನಿಲ್ಲಿಸಿ, ಶಾಲಾಮಕ್ಕಳನ್ನು ಬಸ್ಸಿನಲ್ಲಿ ಕರೆತಂದು ತೋರಿಸುವ ಊರಿನ ಬಗ್ಗೆ ನನಗೆ ಗೌರವ ಮೂಡಿತು. ನೀವು ಆ ಕಡೆ ಹೋದರೆ ರೋಡಿಯೋ ತಪ್ಪದೆ ನೋಡಿ, ಮಕ್ಕಳಿಗೆ ಬಲು ಇಷ್ಟವಾಗುತ್ತದೆ. ಆದರೆ ಅದಕ್ಕೆ ಮೊದಲು, ಬಟ್ಟೆ ಒಗೆದು ನೀರು ತುಂಬಿಸಿಕೊಂಡ ಮೇಲೆ, ಎರಡು ಗಂಟೆ ಬಿಡುವು ಮಾಡಿಕೊಂಡು ಬೆಟ್ಟದ ತಪ್ಪಲಿಗೆ ಹೋಗಿ ಬನ್ನಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಅವರು ಕೇಳುವ ಪ್ರಶ್ನೆಗೆ ಅಲ್ಲಿಯೇ ನಿಂತು ಉತ್ತರ ಕೊಡಿ.